ಓಕ್‌ಲ್ಯಾಂಡ್ ಕಾಲದ ಹಾಟ್ ರಾಡ್: ಬ್ಲಾಕಿನಿಂದ ಪ್ರದರ್ಶನದ ಹಗ್ಗದವರೆಗೆ

1948ರ ಜನವರಿಯಲ್ಲಿ ಲಾಸ್ ಏಂಜಲೀಸಿನ ನ್ಯಾಷನಲ್ ಗಾರ್ಡ್ ಆರ್ಮರಿಯಲ್ಲಿ ಹಾಟ್ ರಾಡ್‌ಗಳ, ಅಂದರೆ ಹಳೇ ಕಾರನ್ನು ಹಗುರ ಮಾಡಿ ಬಲ ಕೂಡಿಸಿದ ಕಾರುಗಳ, ಪ್ರದರ್ಶನ ನಡೆಯಿತು. 1950ರಲ್ಲಿ ಆಲ್ ಸ್ಲೊನೇಕರ್ ಓಕ್‌ಲ್ಯಾಂಡಿನ ಎಕ್ಸ್‌ಪೊಸಿಷನ್ ಕಟ್ಟಡದಲ್ಲಿ ಇನ್ನೊಂದನ್ನು ಶುರು ಮಾಡಿದರು. ಇವತ್ತಿನ ಗ್ರ್ಯಾಂಡ್ ನ್ಯಾಷನಲ್ ರೋಡ್‌ಸ್ಟರ್ ಶೋ ಅದೇ (ರೋಡ್‌ಸ್ಟರ್ ಅಂದರೆ ಗಟ್ಟಿ ಚಾವಣಿಯಿಲ್ಲದ ತೆರೆದ ಕಾರು). 2004ರಿಂದ ಪೊಮೋನಾದಲ್ಲಿ ನಡೆಯುತ್ತಿದೆ. ಅಲ್ಲಿ ಕೊಡುವ ‘ಅಮೆರಿಕದ ಅತಿ ಸುಂದರ ರೋಡ್‌ಸ್ಟರ್’ ಟ್ರೋಫಿಯನ್ನು ಮೊದಲ ವರ್ಷ ಗೆದ್ದದ್ದು ಬಿಲ್ ನೀಕ್ಯಾಂಪ್ ಅವರ 1929ರ ಫೋರ್ಡ್. ಆ ಕಾರು ಬರೀ ನೋಡಲಿಕ್ಕೆ ಇದ್ದದ್ದಲ್ಲ, ವೇಗದ ಓಟದಲ್ಲೂ ಓಡಿತ್ತು. ಆಗಿನ ಶೋಗಳ ಗುಣವೇ ಅದು: ವಾರದ ದಿನ ರಸ್ತೆಯಲ್ಲಿ, ರಜೆಯಲ್ಲಿ ಎಲ್ ಮಿರಾಜ್‌ನಂಥ ಒಣಗಿದ ಕೆರೆಯಂಗಳದಲ್ಲಿ ಓಡಿದ ಕಾರನ್ನೇ ತೊಳೆದು, ಒರೆಸಿ, ಹಗ್ಗದ ಒಳಗೆ ನಿಲ್ಲಿಸುತ್ತಿದ್ದರು.

ಆ ಕಾಲದ ನೋಟ ಬೇಕು ಎಂದು ಬಯಸುವವರು ಬಹಳ ಜನ. ಆದರೆ ಆ ನೋಟ ಹುಟ್ಟಿದ್ದು ಮೂರ್ನಾಲ್ಕು ಸಾಮಗ್ರಿಗಳಿಂದ: ಸೈಡ್ ವಾಲ್ವಿನ ಫೋರ್ಡ್ ವಿ-8 ಎಂಜಿನ್, ತಗಡಿನ ತಗ್ಗು ತುಂಬುವ ಸೀಸ, ಲ್ಯಾಕರ್ ಬಣ್ಣ, ಕೈಯಲ್ಲಿ ಎಳೆದ ಗೆರೆ. ಇವುಗಳ ಜಾಗಕ್ಕೆ ಹೊಸ ಷೆವ್ರೊಲೆ ಎಂಜಿನ್, ಪ್ಲಾಸ್ಟಿಕ್ ಪುಟ್ಟಿ, ಕ್ಲಿಯರ್ ಕೋಟ್ ತಂದರೆ ಕಾರು ಚೆನ್ನಾಗಿಯೇ ಆಗುತ್ತದೆ, 1950 ಮಾತ್ರ ಬರುವುದಿಲ್ಲ. ಇಲ್ಲಿ ಬರೆದಿರುವುದು 1932ರ ಫೋರ್ಡ್ ರೋಡ್‌ಸ್ಟರನ್ನು, ಅಂದರೆ ಎಲ್ಲರೂ ‘ಡ್ಯೂಸ್’ ಅನ್ನುವ ಕಾರನ್ನು, ಮಡ್‌ಗಾರ್ಡ್ ಬಿಚ್ಚಿ, ಕಪ್ಪು ಬಣ್ಣ ಹೊಡೆದು ಆ ಕಾಲದ ಪದ್ಧತಿಯಲ್ಲಿ ಶೋಗೆ ತಯಾರು ಮಾಡುವ ಕೆಲಸ.

ಕರ್ನಾಟಕದ ಓದುಗರಿಗೆ ಒಂದು ಮಾತು. ನಮ್ಮಲ್ಲಿ ವಿಂಟೇಜ್ ಕಾರು ಅಂದರೆ ಕಂಪನಿಯಿಂದ ಬಂದ ರೂಪದಲ್ಲೇ ಉಳಿಸಿಕೊಂಡ ಕಾರು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತಿರುವ ಹಳೇ ಕಾರುಗಳನ್ನು ನೋಡಿದವರಿಗೆ ಇದು ಗೊತ್ತು. ಹಾಟ್ ರಾಡ್‌ನ ದಾರಿ ಇದಕ್ಕೆ ಪೂರ್ತಿ ವಿರುದ್ಧ: ಕಂಪನಿ ಕೊಟ್ಟದ್ದನ್ನು ಕಳಚಿ, ತಗ್ಗಿಸಿ, ಹಗುರ ಮಾಡಿ, ಬಲ ಕೂಡಿಸುವುದು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ಹೊಂದದ ಇಂಥ ಬದಲಾವಣೆಗೆ ಅಡ್ಡ ಬರುತ್ತದೆ. ಹಾಗಾಗಿ ಮುಂದಿನದೆಲ್ಲ ಅಮೆರಿಕದ ನೆಲದ ಕೆಲಸ.

ಎಂಜಿನ್‌ನಿಂದಲೇ ಶುರು ಮಾಡಬೇಕು, ಯಾಕೆಂದರೆ ಹಣವೂ ಸಮಯವೂ ಹೆಚ್ಚು ಹೋಗುವುದು ಅಲ್ಲೇ. ಫೋರ್ಡ್ 1932ರಲ್ಲಿ ತಂದ ಫ್ಲಾಟ್‌ಹೆಡ್, ಅಂದರೆ ಸೈಡ್ ವಾಲ್ವಿನ, ವಿ-8 221 ಘನ ಇಂಚಿನದು, 65 ಕುದುರೆ ಬಲ. ಹಾಟ್ ರಾಡ್ ಮಾಡುವವರು ಹುಡುಕುವುದು ಅದನ್ನಲ್ಲ. ಯುದ್ಧ ಮುಗಿದ ಮೇಲೆ ಬಂದ 59ಎ ಬ್ಲಾಕನ್ನು, ಅಂದರೆ ಎಂಜಿನ್ನಿನ ಎರಕದ ಒಡಲನ್ನು. ಹಿಂಬದಿಯ ಬೆಲ್ ಹೌಸಿಂಗ್ ಮೇಲೆ ಎರಕದಲ್ಲೇ ‘59ಎ’ ಅಥವಾ ‘59ಎಬಿ’ ಎಂದಿರುತ್ತದೆ. ಬೋರ್ (ಸಿಲಿಂಡರಿನ ಅಗಲ) 3-3/16 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 3-3/4, ಒಟ್ಟು 239 ಘನ ಇಂಚು, ಒಂದೊಂದು ಹೆಡ್ಡಿಗೆ (ಸಿಲಿಂಡರುಗಳ ಮುಚ್ಚಳಕ್ಕೆ) 24 ಸ್ಟಡ್.

ಈ ಎಂಜಿನ್ನಿನ ಗುಣವೂ ದೋಷವೂ ಒಂದೇ ಕಡೆ ಇವೆ. ವಾಲ್ವುಗಳು ಹೆಡ್ಡಿನಲ್ಲಿಲ್ಲ, ಬ್ಲಾಕಿನಲ್ಲಿವೆ. ಅವು ವಿ ಆಕಾರದ ಒಳಗಡೆಗೆ. ಸೈಲೆನ್ಸರ್ ಪೈಪು ಹೊರಗಡೆಗೆ. ಹಾಗಾಗಿ ಸುಟ್ಟ ಹೊಗೆ ಬ್ಲಾಕಿನ ನೀರಿನ ಕೋಣೆಗಳ ನಡುವೆಯೇ ಹಾದು ಹೊರಗೆ ಹೋಗಬೇಕು. ಅದರ ಮೇಲೆ ನಾಲ್ಕು ಸಿಲಿಂಡರಿಗೆ ಮೂರೇ ಎಕ್ಸಾಸ್ಟ್ ಬಾಯಿ. ನಡುವಿನ ಎರಡು ಸಿಲಿಂಡರ್ ಒಂದನ್ನೇ ಹಂಚಿಕೊಳ್ಳುತ್ತವೆ. ಬಿಸಿಯೆಲ್ಲ ಅಲ್ಲಿ ಸೇರುತ್ತದೆ. ‘ಫ್ಲಾಟ್‌ಹೆಡ್ ಕುದಿಯುತ್ತದೆ’ ಎಂಬ ಮಾತಿಗೆ ಬೇರು ಇದೇ. ಬಿರುಕುಗಳಿಗೆ ಬೇರೂ ಇದೇ.

ಆದ್ದರಿಂದ ಬ್ಲಾಕು ಕೊಳ್ಳುವಾಗ ದುಡ್ಡು ಎಣಿಸುವ ಮೊದಲು ಮ್ಯಾಗ್ನಾಫ್ಲಕ್ಸ್ ಪರೀಕ್ಷೆ ಆಗಿಬಿಡಬೇಕು. ಕಾಂತ ಹಿಡಿದು ಕಬ್ಬಿಣದ ಪುಡಿ ಉದುರಿಸಿದರೆ ಬಿರುಕಿದ್ದ ಕಡೆ ಪುಡಿ ಗೆರೆಯಾಗಿ ನಿಲ್ಲುತ್ತದೆ. ನೋಡಬೇಕಾದ ಮೊದಲ ಜಾಗ ಎಕ್ಸಾಸ್ಟ್ ವಾಲ್ವ್ ಸೀಟಿನಿಂದ ಸಿಲಿಂಡರ್ ಬಾಯಿವರೆಗಿನ ಕಿರಿದಾದ ಪಟ್ಟಿ, ಅದರಲ್ಲೂ ನಡುವಿನ ಸಿಲಿಂಡರುಗಳದ್ದು. ಅಲ್ಲಿ ಬಿರುಕು ಕಂಡರೆ ಆ ಬ್ಲಾಕನ್ನು ಬಿಡುವುದೇ ಒಳ್ಳೆಯದು. ಸರಿಪಡಿಸಬಹುದು, ಪಿನ್ ಹಾಕಿ ಹೊಲಿಯುವವರು, ಸ್ಲೀವ್ ಕೂರಿಸುವವರು ಇದ್ದಾರೆ. ಆದರೆ ಆ ಖರ್ಚಿಗೆ ಇನ್ನೊಂದು ಬ್ಲಾಕ್ ಬರುತ್ತದೆ. ಸ್ಟಡ್ಡಿನ ತೂತಿನಿಂದ ಪಕ್ಕದ ನೀರಿನ ತೂತಿಗೆ ಓಡುವ ಸಣ್ಣ ಬಿರುಕು ಬಹುತೇಕ ಎಲ್ಲ ಹಳೇ ಬ್ಲಾಕುಗಳಲ್ಲೂ ಇರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಮ್ಯಾಗ್ನಾಫ್ಲಕ್ಸ್ ಒಳಗಿನದನ್ನು ತೋರಿಸುವುದಿಲ್ಲ. ಅದಕ್ಕೆ ನೀರಿನ ದಾರಿಗಳನ್ನೆಲ್ಲ ಮುಚ್ಚಿ ಒತ್ತಡದ ಪರೀಕ್ಷೆಯನ್ನೂ ಮಾಡಿಸಬೇಕು. ಎರಡರಲ್ಲಿ ಒಂದನ್ನು ಉಳಿಸಲು ಹೋದರೆ ರಿಬೋರ್, ಪಿಸ್ಟನ್, ಬೇರಿಂಗ್‌ಗಳ ಖರ್ಚೆಲ್ಲ ಆದಮೇಲೆ ನೀರು ಎಣ್ಣೆಗೆ ಇಳಿಯುತ್ತದೆ.

ಪಾಸಾದ ಬ್ಲಾಕನ್ನು ತೊಳೆಯುವುದೇ ಒಂದು ದೊಡ್ಡ ಕೆಲಸ. ಕಾರ್ಖಾನೆಯಲ್ಲಿ ಎರಕ ಹೊಯ್ದಾಗಿನ ಮರಳು, ಆ ಮರಳಚ್ಚನ್ನು ಹಿಡಿದಿದ್ದ ತಂತಿ, ಅದರ ಮೇಲೆ ಎಪ್ಪತ್ತು ಎಂಬತ್ತು ವರ್ಷದ ತುಕ್ಕು, ಎಲ್ಲವೂ ನೀರಿನ ಕೋಣೆಯ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಬಿಸಿ ಕ್ಷಾರದ ತೊಟ್ಟಿಯಲ್ಲಿ ಅದ್ದಿ ತೆಗೆದರೆ ಜಿಡ್ಡು ಹೋಗುತ್ತದೆ, ಮರಳು ಹೋಗುವುದಿಲ್ಲ. ಬ್ಲಾಕನ್ನು ಒಲೆಯಲ್ಲಿ ಬೇಯಿಸಿ, ಸಣ್ಣ ಉಕ್ಕಿನ ಗುಂಡು ಹೊಡೆಸಿ, ಆಮೇಲೆ ಪಂಪಿನ ಬಾಯಿಂದಲೂ ಡೆಕ್ಕಿನ (ಹೆಡ್ ಕೂರುವ ಮೇಲ್ಮೈಯ) ನೀರಿನ ತೂತುಗಳಿಂದಲೂ ಬಗ್ಗಿಸಿದ ಕಂಬಿ ಹಾಕಿ ಕೆರೆಯಬೇಕು. ಬ್ಲಾಕನ್ನು ತಿರುಗಿಸಿ ತಿರುಗಿಸಿ ಗಾಳಿ ಹೊಡೆದಾಗ ಮರಳು ಉದುರುವುದು ನಿಲ್ಲುವವರೆಗೂ ಬಿಡಬಾರದು. ಹೊಸ ರೇಡಿಯೇಟರ್, ಹೊಸ ಪಂಪ್ ಹಾಕಿದರೂ ಕುದಿಯುವ ಎಂಜಿನ್‌ಗಳಲ್ಲಿ ಹೆಚ್ಚಿನವು ಇಲ್ಲಿ ಅವಸರದಲ್ಲಿ ತೊಳೆದವು.

ರಿಬೋರ್ ಎಷ್ಟು? 59ಎ ಬ್ಲಾಕನ್ನು 3-5/16 ಇಂಚಿಗೆ, ಅಂದರೆ 1/8 ಇಂಚು ಹೆಚ್ಚಿಗೆ, ಕೊರೆಸುವುದು ಆ ಕಾಲದ ವಾಡಿಕೆ. 1949ರಿಂದ 1953ರ ಮರ್ಕ್ಯುರಿ ಕಾರಿನ ಕ್ರ್ಯಾಂಕ್ ಹಾಕಿದರೆ ಸ್ಟ್ರೋಕ್ 4 ಇಂಚಾಗುತ್ತದೆ. ಎರಡೂ ಸೇರಿ 276 ಘನ ಇಂಚು, ಸುಮಾರು 4.5 ಲೀಟರ್. 3-3/8 ಕೊರೆಸಿದರೆ 286 ಬರುತ್ತದೆ, ನಿಜ. ಆದರೆ ಗೋಡೆ ತೆಳ್ಳಗಾಗಿ ಬಿಸಿ ಇನ್ನೂ ಹೆಚ್ಚುತ್ತದೆ. ಶಬ್ದತರಂಗದಿಂದ ಗೋಡೆಯ ದಪ್ಪ ಅಳೆಸದೆ ಅಷ್ಟು ಕೊರೆಸಬಾರದು. ರಸ್ತೆಗೆ 276 ಸಾಕು, ಅದಕ್ಕಿಂತ ಮೇಲೆ ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ರಿಂಗ್ ಗ್ಯಾಪ್, ಅಂದರೆ ಪಿಸ್ಟನ್ ರಿಂಗಿನ ತುದಿಗಳ ಸಂದು, ಬೋರಿನ ಪ್ರತಿ ಇಂಚಿಗೆ 4 ಥೌ (ಇಂಚಿನ ಸಾವಿರದಲ್ಲೊಂದು ಪಾಲು ಒಂದು ಥೌ) ಲೆಕ್ಕದಲ್ಲಿ ಸುಮಾರು 13 ಥೌ.

ವಾಲ್ವ್ ಕ್ಲಿಯರೆನ್ಸ್ ವಿಷಯದಲ್ಲಿ ಹಳೇ ಫೋರ್ಡಿನದು ವಿಚಿತ್ರ ಪದ್ಧತಿ. ವಾಲ್ವನ್ನು ಎತ್ತುವ ಲಿಫ್ಟರಿಗೆ ಹೊಂದಿಸುವ ಸ್ಕ್ರೂ ಇಲ್ಲ. ವಾಲ್ವಿನ ಬುಡವನ್ನೇ ಸಾಣೆ ಹಿಡಿದು ಹೊಂದಿಸಬೇಕಿತ್ತು. ಆಕಾರ ಬದಲಿಸಿದ ಕ್ಯಾಮ್ (ಲಿಫ್ಟರುಗಳನ್ನು ತಳ್ಳುವ ದಂಡ) ಹಾಕುವವರು ಸ್ಕ್ರೂ ಇರುವ ಲಿಫ್ಟರುಗಳನ್ನೇ ಹಾಕಿಕೊಳ್ಳುತ್ತಾರೆ. ಇನ್‌ಟೇಕ್‌ಗೆ 12 ಥೌ, ಎಕ್ಸಾಸ್ಟ್‌ಗೆ 14 ಥೌ ಆಸುಪಾಸು. ಕ್ಯಾಮಿನ ಜೊತೆ ಬಂದ ಚೀಟಿಯಲ್ಲಿ ಬೇರೆ ಬರೆದಿದ್ದರೆ ಅದೇ ಸರಿ. ಇಸ್ಕಿ, ಅಂದರೆ ಎಡ್ ಇಸ್ಕೆಂಡೇರಿಯನ್ ಅವರ ಹೆಸರಿನ ಕ್ಯಾಮ್‌ಗಳು ಆ ಕಾಲದ ಶೋ ಫಲಕಗಳ ಮೇಲೆಲ್ಲ ಕಾಣುತ್ತಿದ್ದವು. ಅಲ್ಯುಮಿನಿಯಂ ಹೆಡ್ಡುಗಳ ಮೇಲೆ ಎಡೆಲ್‌ಬ್ರಾಕ್, ಆಫನ್‌ಹೌಸರ್ ಎಂಬ ಹೆಸರುಗಳೂ ಹಾಗೆಯೇ.

ಆ ಹೆಡ್ಡುಗಳನ್ನು ಕೂರಿಸುವ ಮೊದಲು ಪಿಸ್ಟನ್ ತಲೆಯ ಮೇಲೂ ವಾಲ್ವುಗಳ ಮೇಲೂ ಮೆತ್ತನೆಯ ಜೇಡಿ ಒತ್ತಿ, ಹಳೇ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ಬಿಚ್ಚಿ ನೋಡಬೇಕು. ಜೇಡಿ ಅತಿ ತೆಳುವಾದ ಕಡೆ 45 ಥೌ ಉಳಿದಿರಬೇಕು. ಕಂಪ್ರೆಶನ್ ಏರಿಸುವ ಆಸೆಗೆ ಹೆಡ್ಡನ್ನು ಇನ್ನಷ್ಟು ಸವೆಸಿದರೆ ವಾಲ್ವ್ ಕಡೆಯಿಂದ ಸಿಲಿಂಡರಿಗೆ ಗಾಳಿ ಹರಿಯುವ ದಾರಿಯೇ ಕಿರಿದಾಗುತ್ತದೆ. ಫ್ಲಾಟ್‌ಹೆಡ್ಡಿನಲ್ಲಿ ಕಂಪ್ರೆಶನ್‌ಗೂ ಉಸಿರಾಟಕ್ಕೂ ಹೀಗೆ ಸದಾ ಜಗ್ಗಾಟ. 8:1ರ ಹತ್ತಿರ ನಿಲ್ಲಿಸುವುದು ಜಾಣತನ.

ಸ್ಟಡ್ ತೂತುಗಳು ನೀರಿಗೆ ತೆರೆದಿರುತ್ತವೆ. ಪ್ರತಿ ಸ್ಟಡ್ಡಿನ ತಿರುಪಿನ ಗೆರೆಗಳಿಗೆ ಸೀಲೆಂಟ್ ಹಚ್ಚದಿದ್ದರೆ ನಟ್ಟಿನ ಬುಡದಲ್ಲಿ ನೀರು ಒಸರುತ್ತದೆ. ಹೊಳೆಯುವ ಹೆಡ್ಡಿನ ಮೇಲೆ ತುಕ್ಕಿನ ಗೆರೆ ಇಳಿದರೆ ಶೋಗೆ ಮೊದಲೇ ಅಂದ ಕೆಟ್ಟಂತೆ. ಬಿಗಿಯುವುದು ನಡುವಿನಿಂದ ಹೊರಗೆ, ಮೂರು ಸುತ್ತು: 25, 35, ಕೊನೆಗೆ 45 ಪೌಂಡ್-ಅಡಿ. ಎಂಜಿನ್ ಬಿಸಿ ಮಾಡಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ 45ಕ್ಕೆ ತರಬೇಕು. ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದರಿಂದ ಬಿಸಿಯಿದ್ದಾಗ ಟಾರ್ಕ್ ನೋಡಿದರೆ ಲೆಕ್ಕ ತಪ್ಪುತ್ತದೆ. ಇದನ್ನು ಟಾರ್ಕ್ ಬದಲಾಗುವುದು ನಿಲ್ಲುವ ತನಕ ಮಾಡಬೇಕು, ಒಂದು ಸಲಕ್ಕೆ ಮುಗಿಯುವುದಿಲ್ಲ.

ಕಾರ್ಬುರೇಟರ್ ಸ್ಟ್ರೋಮ್‌ಬರ್ಗ್ 97. ವೆಂಚುರಿ, ಅಂದರೆ ಗಾಳಿ ಹಾಯುವ ಕಿರಿದಾದ ಕತ್ತು, ಇಂಚಿನ ನೂರರಲ್ಲಿ 97 ಪಾಲು ಇರುವುದರಿಂದ ಆ ಹೆಸರು. 1936ರಿಂದ 38ರ ಫೋರ್ಡ್‌ಗಳಲ್ಲಿ ಒಂದೊಂದೇ ಇರುತ್ತಿತ್ತು. ಹಾಟ್ ರಾಡ್‌ನವರು ಎರಡು, ಮೂರು ಸಾಲಾಗಿ ಹಾಕಿದರು. 276ಕ್ಕೆ ಎರಡು ಸಾಕು. ಇದರಲ್ಲಿ ಕೆಡುವುದು ಮೂರೇ. ಒಂದು, ಪೆಟ್ರೋಲಿನ ಒತ್ತಡ. ಇದಕ್ಕೆ 2.5 ಪಿಎಸ್‌ಐ ಸಾಕು. ಹೊಸ ಎಲೆಕ್ಟ್ರಿಕ್ ಪಂಪು ಅದರ ಎರಡರಷ್ಟು ತಳ್ಳಿದರೆ ನೀಡಲ್ ತಡೆಯಲಾರದೆ ಪೆಟ್ರೋಲು ಉಕ್ಕಿ ಮ್ಯಾನಿಫೋಲ್ಡಿಗೆ ಇಳಿಯುತ್ತದೆ, ಬೆಂಕಿಯ ಭಯ ಬೇರೆ. ರೆಗ್ಯುಲೇಟರ್ ಕಡ್ಡಾಯ. ಎರಡು, ಫ್ಲೋಟ್ ಮಟ್ಟ. ಮೇಲಿನ ಗ್ಯಾಸ್ಕೆಟ್ ತೆಗೆದು ಬಟ್ಟಲಿನ ಅಂಚಿನಿಂದ ಪೆಟ್ರೋಲಿನವರೆಗೆ 15/32 ಇಂಚು ಇರಬೇಕು. ಮೂರು, ಥ್ರಾಟಲ್ ಶಾಫ್ಟಿನ ಸವೆತ. ಕೆಳಗಿನ ಕಬ್ಬಿಣದ ಭಾಗದಲ್ಲಿ ಶಾಫ್ಟಿನ ತೂತು ಅಗಲವಾಗಿದ್ದರೆ ಗಾಳಿ ಒಳನುಗ್ಗಿ ಐಡಲ್ ನಿಲ್ಲುವುದೇ ಇಲ್ಲ. ಆಗ ಜೆಟ್ ಬದಲಾಯಿಸಿ ಪ್ರಯೋಜನವಿಲ್ಲ, ಬುಷ್ ಹಾಕಿಸಬೇಕು. ಆಮೇಲೆ ಗಾಳಿಯ ಮೀಟರ್ ಇಟ್ಟು ಎರಡೂ ಒಂದೇ ಸಮ ಎಳೆಯುವಂತೆ ಹೊಂದಿಸಿ, ಕೊನೆಯಲ್ಲಿ ಎರಡನ್ನೂ ಜೋಡಿಸುವ ಲಿಂಕೇಜ್ ಸೇರಿಸುವುದು. ಲಿಂಕೇಜ್ ಮೊದಲೇ ಸೇರಿಸಿದರೆ ಒಂದು ಇನ್ನೊಂದನ್ನು ಎತ್ತಿ ಹಿಡಿದು ಮೋಸ ಮಾಡುತ್ತದೆ.

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಕ್ರಮ, 1-5-4-8-6-3-7-2. ಸಿಲಿಂಡರ್ ಎಣಿಕೆ ಡ್ರೈವರಿನ ಬಲಗಡೆ ಮುಂದಿನಿಂದ 1, 2, 3, 4. ಎಡಗಡೆ ಮುಂದಿನಿಂದ 5, 6, 7, 8. ಮೊದಲ ಸಲ ಚಾಲೂ ಆದೊಡನೆ ಐಡಲಿಗೆ ಬಿಡದೆ ಇಪ್ಪತ್ತು ನಿಮಿಷ 2,000 ಆರ್‌ಪಿಎಂ ಹತ್ತಿರ ಓಡಿಸಬೇಕು, ಝಿಂಕ್ ಹೆಚ್ಚಿರುವ ಎಣ್ಣೆಯಲ್ಲಿ. ಇಲ್ಲದಿದ್ದರೆ ಹೊಸ ಕ್ಯಾಮ್ ಸವೆಯುತ್ತದೆ.

ಚಾಸಿಯ ವಿಷಯ ಬೇಗ ಹೇಳಿ ಮುಗಿಸಬಹುದು, ಎರಡು ತಪ್ಪುಗಳನ್ನು ಬಿಟ್ಟು. ಕಾರು ಮುಂದಕ್ಕೆ ಬಾಗಿ ನಿಲ್ಲಬೇಕು: ನಾಲ್ಕು ಇಂಚು ಇಳಿಸಿದ ಮುಂದಿನ ಆಕ್ಸಲ್, ಮುಂದೆ 5.50-16, ಹಿಂದೆ 7.50-16 ಟೈರು. 1939ರಿಂದ ಫೋರ್ಡ್ ಹಾಕಿದ ಹೈಡ್ರಾಲಿಕ್ ಬ್ರೇಕುಗಳನ್ನು ತಂದು ಕೂರಿಸುವುದು ಆಗಿನ ಪದ್ಧತಿ. ಈಗಲೂ ಅದೇ ಸರಿ. ಇನ್ನು ತಪ್ಪುಗಳು. ಫೋರ್ಡಿನ ವಿಶ್‌ಬೋನ್, ಅಂದರೆ ಆಕ್ಸಲನ್ನು ಹಿಡಿಯುವ ವಿ ಆಕಾರದ ತೋಳು, ನಡುವೆ ಒಂದೇ ಬಿಂದುವಿನಲ್ಲಿ ಸೇರುತ್ತದೆ. ಜಾಗಕ್ಕಾಗಿ ಅದನ್ನು ಸೀಳಿ ಎರಡೂ ತುದಿಯನ್ನು ಫ್ರೇಮಿನ ಪಕ್ಕಗಳಿಗೆ ಕಟ್ಟುತ್ತಾರೆ. ಆಗ ಒಂದು ಚಕ್ರ ಹಳ್ಳಕ್ಕೆ ಬಿದ್ದರೆ ಆಕ್ಸಲ್ ತಿರುಚಿಕೊಳ್ಳಲೇಬೇಕು. ಹಳೇ ಐ-ಬೀಮ್ ಆಕ್ಸಲ್ ತಿರುಚಿಕೊಳ್ಳುತ್ತದೆ. ಕೊಳವೆ ಆಕ್ಸಲ್ ತಿರುಚಿಕೊಳ್ಳದು. ಆಗ ಹಿಡಿಕೆಗಳೇ ಸೀಳುತ್ತವೆ. ಆದ್ದರಿಂದ ಸೀಳಿದ ವಿಶ್‌ಬೋನ್‌ಗೆ ಐ-ಬೀಮೇ ಆಗಬೇಕು. ಇನ್ನೊಂದು, ಅಡ್ಡಲಾಗಿ ತಳ್ಳುವ ಸ್ಟೀರಿಂಗ್ ಹಾಕಿ, ಆಕ್ಸಲ್ ಪಕ್ಕಕ್ಕೆ ಜಾರದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡನ್ನು ಹಾಕದೆ ಬಿಡುವುದು. ಅಡ್ಡ ಸ್ಪ್ರಿಂಗಿನ ಶ್ಯಾಕಲ್‌ಗಳ ಮೇಲೆ ಇಡೀ ಕಾರೇ ಪಕ್ಕಕ್ಕೆ ಜಾರಿ, ಆಮೇಲೆ ಚಕ್ರ ತಿರುಗುತ್ತದೆ. ಮುಂಚಕ್ರ ತಿರುಗಲು ಆಧಾರವಾದ ಕಿಂಗ್‌ಪಿನ್ ಸಡಿಲವಿದ್ದರೆ ಅದು ಮುಂಚಕ್ರಗಳ ಭಾರಿ ಅಲುಗಾಟವಾಗಿ ಬದಲಾಗುತ್ತದೆ. ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲುವ ಕೋನ) 5ರಿಂದ 7 ಡಿಗ್ರಿ, ಟೋ-ಇನ್ (ಮುಂಚಕ್ರಗಳು ಮುಂದೆ ಒಳಗೆ ತಿರುಗಿರುವ ಅಳತೆ) 1/8 ಇಂಚಿಗಿಂತ ಕಡಿಮೆ.

ಸ್ಪ್ರಿಂಗಿನ ಎಲೆಗಳಿಗೆ, ಸ್ಟೀರಿಂಗಿನ ಬೋಲ್ಟುಗಳಿಗೆ ಕ್ರೋಮ್ ಮಾಡಿಸುವವರು ಒಂದನ್ನು ನೆನಪಿಡಬೇಕು. ಲೇಪದ ತೊಟ್ಟಿಯಲ್ಲಿ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಕಣ್ಣಿಗೆ ಏನೂ ಕಾಣದು, ಓಡುವಾಗ ತಟ್ಟನೆ ತುಂಡಾಗುತ್ತದೆ. ತೊಟ್ಟಿಯಿಂದ ತೆಗೆದ ಕೂಡಲೇ 190 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಕೆಲವು ಗಂಟೆ ಕಾಯಿಸಿ ಕೊಡುವ ಅಂಗಡಿಗೆ ಮಾತ್ರ ಇವನ್ನು ಕೊಡಬೇಕು. ಸ್ಟೀರಿಂಗಿನ ಬೋಲ್ಟು ಹೊಳೆಯದಿದ್ದರೂ ಚಿಂತೆಯಿಲ್ಲ ಎನ್ನುವುದು ಇನ್ನೂ ಕ್ಷೇಮದ ದಾರಿ.

ಈಗ ಸೀಸ. ಡ್ಯೂಸಿನ ಗುರುತೇ ಅದರ ಮುಂದಿನ ಗ್ರಿಲ್ ಚೌಕಟ್ಟು. ಕಂಪನಿ ಕೊಟ್ಟಾಗ ಅದರ ನೆತ್ತಿಯಲ್ಲಿ ರೇಡಿಯೇಟರ್ ಮುಚ್ಚಳಕ್ಕೆ ತೂತಿರುತ್ತದೆ. ಆ ತೂತನ್ನು ಮುಚ್ಚಿ, ಮುಚ್ಚಳವನ್ನು ಬಾನೆಟ್ಟಿನ ಒಳಕ್ಕೆ ಸರಿಸಿ, ನೆತ್ತಿಯನ್ನು ನುಣ್ಣಗೆ ಮಾಡುವುದು ಹಾಟ್ ರಾಡ್‌ನ ಮೊದಲ ಸಹಿ. ಕೆಲಸ ಅಂಗೈಯಗಲದ್ದು, ಆದರೆ ಕಾರಿನ ಎದುರಿಗೆ ನಿಂತವರ ಕಣ್ಣು ಮೊದಲು ಬೀಳುವುದೇ ಅಲ್ಲಿ.

ತೂತಿನ ಅಂಚಿಗೆ ಸರಿಯಾಗಿ, ತಗಡಿನ ದಪ್ಪದಷ್ಟೇ ಸಂದು ಬಿಟ್ಟು, ದುಂಡನೆಯ ತೇಪೆ ಕತ್ತರಿಸಬೇಕು. ನೆತ್ತಿಗೆ ಎರಡೂ ದಿಕ್ಕಿನಲ್ಲಿ ಉಬ್ಬು ಇರುವುದರಿಂದ ತೇಪೆಗೂ ಸುತ್ತಿಗೆಯಲ್ಲಿ ಮೊದಲೇ ಆ ಉಬ್ಬು ಕೊಟ್ಟಿರಬೇಕು. ಎದುರುಬದುರು ನಾಲ್ಕು ಕಡೆ ಚುಕ್ಕಿ ಬೆಸುಗೆ, ಆಮೇಲೆ ನಡುನಡುವೆ. ಒಂದು ಚುಕ್ಕಿ ಇಟ್ಟ ಮೇಲೆ ಕೈ ಇಡುವಷ್ಟು ತಣಿಯಲು ಬಿಡಬೇಕು. ಒಂದೇ ಎಳೆತದಲ್ಲಿ ಸುತ್ತ ಬೆಸೆದರೆ ತಗಡು ಕುಗ್ಗಿ ನೆತ್ತಿ ತಗ್ಗಾಗುತ್ತದೆ. ಬೆಸುಗೆಯನ್ನು ಉಜ್ಜಿ, ಡಾಲಿ (ತಗಡಿನ ಹಿಂದೆ ಆನಿಸುವ ಉಕ್ಕಿನ ಗುಂಡು) ಹಿಡಿದು ಮೆಲ್ಲಗೆ ಬಡಿದು ಕುಗ್ಗಿದ್ದನ್ನು ಹಿಗ್ಗಿಸಬೇಕು. ಸೀಸಕ್ಕೆ ಬಿಡುವ ತಗ್ಗು 1/16 ಇಂಚಿನಷ್ಟು; 1/8ಕ್ಕಿಂತ ಹೆಚ್ಚಾದರೆ ತಗಡಿನ ಕೆಲಸ ಮುಗಿದಿಲ್ಲ ಎಂದೇ ಅರ್ಥ.

ಮುಂದಿನದು ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ಕೆಲಸದಂತೆಯೇ. ತೇಪೆಯ ಸುತ್ತ ಎರಡು ಇಂಚು ತಗಡು ಬೆಳ್ಳಗಾಗುವ ತನಕ ಉಜ್ಜಿ, ಕಲಾಯಿ ಪೇಸ್ಟ್ ಬಳಿದು, ಮೆತ್ತನೆಯ ಅಗಲ ಜ್ವಾಲೆಯಲ್ಲಿ ಕಾಯಿಸಬೇಕು. ಪೇಸ್ಟ್ ಮೊದಲು ಕಂದಾಗಿ, ನೊರೆಯೆದ್ದು, ಆಮೇಲೆ ಥಟ್ಟನೆ ಬೆಳ್ಳಿಯ ಹೊಳಪು ಓಡುತ್ತದೆ. ಅದೇ ಕ್ಷಣಕ್ಕೆ ಒಣ ಹತ್ತಿ ಬಟ್ಟೆಯಿಂದ ಒಂದೇ ಸಲ ಒರೆಸಿದರೆ ಕಲಾಯಿ ಹರಡಿ ಕೂರುತ್ತದೆ. ಕಪ್ಪು ಚುಕ್ಕೆ ಉಳಿದ ಕಡೆ ಸೀಸ ಹಿಡಿಯದು, ಅಲ್ಲಿ ಮತ್ತೆ ಉಜ್ಜಿ ಮತ್ತೆ ಕಲಾಯಿ. ಆಮೇಲೆ ಅಡಿಗೆ ಸೋಡಾ ಕಲಸಿದ ನೀರಿನಿಂದ ಪೇಸ್ಟಿನ ಆಮ್ಲವನ್ನು ತೊಳೆದು ತೆಗೆಯಬೇಕು.

ಬಳಸುವ ಕಡ್ಡಿಯಲ್ಲಿ 70 ಪಾಲು ಸೀಸ, 30 ಪಾಲು ತವರ. ಈ ಮಿಶ್ರಣದ ಗುಣವೇ ಈ ಕಲೆಯ ಜೀವ. 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೆತ್ತಗಾಗಲು ತೊಡಗುತ್ತದೆ, ಪೂರ್ತಿ ನೀರಾಗುವುದು 255ರ ಹತ್ತಿರ. ಈ ಎರಡರ ನಡುವೆ ಅದನ್ನು ಒತ್ತಿ, ಎಳೆದು, ಆಕಾರ ಕೊಡಬಹುದು. ಜ್ವಾಲೆಯನ್ನು ತಗಡಿಗೂ ಕಡ್ಡಿಗೂ ತಿರುಗಿಸುತ್ತಾ ಕಡ್ಡಿಯ ತುದಿ ಬಾಗಿದಾಗ ಒತ್ತಿ ಮುದ್ದೆ ಬಿಡಿಸಬೇಕು. ಸಾಕಷ್ಟು ಮುದ್ದೆ ಕೂತ ಮೇಲೆ ಗಟ್ಟಿ ಮರದ ಹಲಗೆಯನ್ನು ಜೇನುಮೇಣದಲ್ಲಿ ಅದ್ದಿ, ಮುದ್ದೆಗಳನ್ನು ಮೆತ್ತಗೆ ಮಾಡುತ್ತಾ ಎಳೆದು ಹರಡಬೇಕು. ಸೀಸ ಕನ್ನಡಿಯಂತೆ ಹೊಳೆದರೆ ಬಿಸಿ ಅತಿಯಾಯಿತು, ಇನ್ನೊಂದು ಕ್ಷಣದಲ್ಲಿ ಜಾರಿ ನೆಲಕ್ಕೆ ಬೀಳುತ್ತದೆ. ಹಲಗೆಗೆ ತರಿತರಿಯಾಗಿ ಸಿಕ್ಕಿದರೆ ತಣ್ಣಗಾಯಿತು. ಆಗ ಒತ್ತಿದರೆ ಒಳಗೆ ಗುಳಿಗಳು ಉಳಿಯುತ್ತವೆ. ಜ್ವಾಲೆ ಯಾವಾಗಲೂ ಚಲಿಸುತ್ತಿರಬೇಕು.

ತಣಿದ ಮೇಲೆ ಬಾಗಿದ ಹಲ್ಲಿನ ದೊಡ್ಡ ಅರದಿಂದ ಓರೆಯಾಗಿ ಉಜ್ಜುವುದು, ಸೀಸದ ನಡುವಿನಿಂದ ತಗಡಿನ ಕಡೆಗೆ. ಗ್ರೈಂಡರ್, ಸ್ಯಾಂಡರ್ ಮುಟ್ಟಲೇಬಾರದು. ಅರದಿಂದ ಬೀಳುವುದು ದಪ್ಪ ಚೂರು. ಸ್ಯಾಂಡರಿನಿಂದ ಏಳುವುದು ಉಸಿರಿಗೆ ಸೇರುವ ಸೀಸದ ಧೂಳು. ಅದು ಮೈಗೆ ಸೇರಿದರೆ ನರಗಳಿಗೂ ಮೂತ್ರಪಿಂಡಕ್ಕೂ ಹಾನಿ, ಮನೆಗೆ ಬಟ್ಟೆಯ ಜೊತೆ ಹೋದರೆ ಮಕ್ಕಳಿಗೆ ಇನ್ನೂ ಅಪಾಯ. ಪಿ-100 ಫಿಲ್ಟರಿನ ಮುಖವಾಡ, ಬೇರೆ ಬಟ್ಟೆ, ಕೆಲಸದ ಜಾಗದಲ್ಲಿ ಅನ್ನ ನೀರು ಬೇಡ, ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಕೊನೆಗೆ ಮೇಣದ ಜಿಡ್ಡು ತೆಗೆಯುವ ದ್ರಾವಕದಲ್ಲಿ ಒರೆಸಿ, ಇನ್ನೊಮ್ಮೆ ಸೋಡಾ ನೀರು, ಶುದ್ಧ ನೀರು, ಪೂರ್ತಿ ಒಣಗಿಸಿ ಎಪಾಕ್ಸಿ ಪ್ರೈಮರ್. ಮೇಣ ಉಳಿದರೆ ಬಣ್ಣ ಅಲ್ಲಲ್ಲಿ ಹಿಮ್ಮೆಟ್ಟಿ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ, ಅದು ಆಗಲೇ ಗೊತ್ತಾಗುತ್ತದೆ. ಆಮ್ಲ ಉಳಿದರೆ ಗೊತ್ತಾಗುವುದು ತಿಂಗಳುಗಳ ಮೇಲೆ, ನೆತ್ತಿಯ ಮೇಲೆ ಸಣ್ಣ ಬೊಬ್ಬೆಗಳೆದ್ದಾಗ. ಆಗ ಬಣ್ಣವೆಲ್ಲ ಕಿತ್ತು ಮತ್ತೆ ಮೊದಲಿನಿಂದ.

ಬಣ್ಣಕ್ಕೆ ಮೊದಲು ಬಾಗಿಲುಗಳ ಸಂದು. ಕಾರು ತನ್ನ ಚಕ್ರಗಳ ಮೇಲೆ, ಎಂಜಿನ್ನಿನ ತೂಕದ ಸಮೇತ ನಿಂತಿರುವಾಗಲೇ ಬಾಗಿಲಿನ ಸಂದು ಹೊಂದಿಸಬೇಕು. ಸ್ಟ್ಯಾಂಡ್ ಮೇಲೆ ಖಾಲಿ ಬಾಡಿ ಇಟ್ಟು ಹೊಂದಿಸಿದರೆ ತೂಕ ಬಿದ್ದಾಗ ಫ್ರೇಮ್ ಬಾಗಿ ಸಂದು ಬದಲಾಗುತ್ತದೆ, ಬಾಗಿಲು ತೆರೆದೊಡನೆ ಹೊಸ ಬಣ್ಣದ ಅಂಚು ಹಾರುತ್ತದೆ.

ನೈಟ್ರೋಸೆಲ್ಯುಲೋಸ್ ಲ್ಯಾಕರಿನ ಕಪ್ಪಿಗೆ ಇರುವ ಆಳ ಬೇರೆ ಯಾವುದಕ್ಕೂ ಇಲ್ಲ. ಪ್ರೈಮರಿನ ಮೇಲೆ ತೆಳುವಾಗಿ ಬೇರೆ ಬಣ್ಣ ಉದುರಿಸಿ, ಉದ್ದ ಹಲಗೆಗೆ ಕಾಗದ ಸುತ್ತಿ 180, 320, 400 ಎಂದು ಉಜ್ಜುತ್ತಾ ಹೋದರೆ ತಗ್ಗಿನಲ್ಲಿ ಆ ಬಣ್ಣ ಉಳಿದು ಜಾಗ ತೋರಿಸುತ್ತದೆ. ಕಪ್ಪು ಯಾವ ತಗ್ಗನ್ನೂ ಮುಚ್ಚಿಡುವುದಿಲ್ಲ. ಲ್ಯಾಕರ್ ಒಂದು ಪಾಲಿಗೆ ತಿನ್ನರ್ ಒಂದೂವರೆ ಪಾಲು. ಒಂದು ಕೋಟ್‌ಗೂ ಇನ್ನೊಂದಕ್ಕೂ ನಡುವೆ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಕೋಟು, ಆರೆಂಟು ಆದ ಮೇಲೆ ಕೆಲವು ದಿನ ಬಿಟ್ಟು 600ರ ವಾಟರ್ ಪೇಪರ್. ಹೀಗೆ ಹದಿನೈದು ಇಪ್ಪತ್ತು ಕೋಟು. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಹೊಡೆಯಬಾರದು. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ತೇವ ಕೂತು ಬಣ್ಣ ಬೆಳ್ಳಗೆ ಮಂಕಾಗುತ್ತದೆ. ನಿಧಾನ ಆರುವ ರಿಟಾರ್ಡರ್ ಸ್ವಲ್ಪ ಬೆರೆಸಿ ಇನ್ನೊಂದು ತೆಳು ಕೋಟು ಹೊಡೆದರೆ ಸರಿಹೋಗುತ್ತದೆ. ದಪ್ಪ ಕೋಟು ಬೇಗ ಮುಗಿಸುವ ದಾರಿಯಂತೆ ಕಾಣುತ್ತದೆ. ಒಂದು ಚಳಿಗಾಲ ಕಳೆದರೆ ಬಿರುಕು ಬಿಡುತ್ತದೆ. ಹಳೇ ಎನಾಮಲ್ ಮೇಲೆ ಹೊಡೆದರೆ ತಿನ್ನರ್ ಅದನ್ನು ಕೆರಳಿಸಿ ಸುಕ್ಕೆಬ್ಬಿಸುತ್ತದೆ.

ಕೊನೆಯ ಕೋಟಿನ ನಂತರ ವಾರಗಟ್ಟಲೆ ಸುಮ್ಮನಿರುವುದೇ ಕಷ್ಟದ ಕೆಲಸ. ತಿನ್ನರ್ ಒಳಗಿನಿಂದ ಹೊರಹೋಗುತ್ತಾ ಬಣ್ಣ ಕುಗ್ಗುತ್ತದೆ, ಕೆಳಗಿನ ಗೀರುಗಳು ಮೇಲೇಳುತ್ತವೆ. ಅದು ಮುಗಿಯುವ ಮೊದಲು ಪಾಲಿಷ್ ಮಾಡಿದರೆ ಶೋ ದಿನಕ್ಕೆ ಗೀರು ಮರಳಿ ಬರುತ್ತದೆ. ಕಾದ ಮೇಲೆ 1000, 1500, 2000, ಆಮೇಲೆ ಕೈಯಲ್ಲೇ ಕಾಂಪೌಂಡ್. ಅಂಚುಗಳಲ್ಲಿ ಬಟ್ಟೆ ಒತ್ತಬಾರದು, ಬಣ್ಣ ಮೊದಲು ಸವೆಯುವುದು ಅಲ್ಲಿ. ಕ್ಯಾಲಿಫೋರ್ನಿಯಾದ ವಾಯುಮಾಲಿನ್ಯ ನಿಯಮಗಳಿಂದಾಗಿ ಅಂಗಡಿಗಳಲ್ಲಿ ಈ ಬಣ್ಣ ಹೊಡೆಯುವುದು ಈಗ ಬಹಳ ಕಡೆ ಆಗದ ಮಾತು. ಅಂಥಲ್ಲಿ ಕ್ಲಿಯರ್ ಇಲ್ಲದ ಸಿಂಗಲ್ ಸ್ಟೇಜ್ ಯುರೆಥೇನ್ ಕಪ್ಪು ಹೊಡೆದು, ಹೀಗೆಯೇ ಉಜ್ಜಿ ಹೊಳಪು ತರುವುದು ಹತ್ತಿರದ ದಾರಿ.

ಗೆರೆ ಎಳೆಯುವ ಕಲೆಗೆ ವಾನ್ ಡಚ್ ಎಂದು ಹೆಸರಾದ ಕೆನ್ನೆತ್ ಹೊವಾರ್ಡ್ ಗುರು. ಕತ್ತಿಯಾಕಾರದ ಅಳಿಲುಕೂದಲ ಬ್ರಷ್, ಫಲಕ ಬರೆಯುವ ಎನಾಮಲ್, ಬಣ್ಣ ಹದ ಮಾಡಲು ಒಂದು ಹಳೇ ಮ್ಯಾಗಜಿನ್ ಹಾಳೆ, ಇಷ್ಟೇ ಸಲಕರಣೆ. ಹಾಳೆಯ ಮೇಲೆ ಬ್ರಷ್ಷನ್ನು ಹಿಂದೆ ಮುಂದೆ ಎಳೆದು ಬಣ್ಣ ಬುಡದವರೆಗೆ ತುಂಬಿಸಿ, ಕಿರುಬೆರಳನ್ನು ಬಾಡಿಗೆ ಆನಿಸಿ, ನಿಲ್ಲಿಸದೆ ಎಳೆಯಬೇಕು. ತಪ್ಪಿದರೆ ಟರ್ಪೆಂಟೈನ್ ತಾಗಿಸಿದ ಬಟ್ಟೆಯಲ್ಲಿ ಒರೆಸಬಹುದು. ಚೆನ್ನಾಗಿ ಆರಿದ ಲ್ಯಾಕರ್ ಅದಕ್ಕೆ ಕರಗದು. ಕಪ್ಪು ಡ್ಯೂಸಿಗೆ ಗೆರೆ ಕಡಿಮೆಯಿದ್ದಷ್ಟೂ ಒಳ್ಳೆಯದು: ಬಾಡಿಯ ಉಬ್ಬುಗೆರೆಯ ಉದ್ದಕ್ಕೆ ಒಂದು, ಡ್ಯಾಶಿನ ಮೇಲೆ ಒಂದು ಪುಟ್ಟ ಚಿತ್ತಾರ.

ಹಳೇ ಶೋಗಳ ನಿಲ್ಲಿಸುವ ರೀತಿಗೂ ಒಂದು ಶಾಸ್ತ್ರವಿತ್ತು. ಕಾರಿನ ಕೆಳಗೆ ‘ಏಂಜಲ್ ಹೇರ್’ ಎಂಬ ಬಿಳಿ ಗಾಜಿನ ಎಳೆಗಳನ್ನು ಮೋಡದಂತೆ ಹಾಸುತ್ತಿದ್ದರು. ಅದು ಕೈಗೆ ಚುಚ್ಚುತ್ತದೆ, ಧೂಳು ಶ್ವಾಸಕ್ಕೆ ಕೆಟ್ಟದ್ದು. ಈಗ ಪಾಲಿಯೆಸ್ಟರ್ ಎಳೆಯದು ಸಿಗುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣದು. ಆಕ್ಸಲ್ ಮತ್ತು ಗೇರ್‌ಬಾಕ್ಸ್ ಕೆಳಗೆ ಕನ್ನಡಿ ಇಟ್ಟರೆ ಬಗ್ಗದೆ ಕ್ರೋಮ್ ನೋಡಬಹುದು. ಕನ್ನಡಿ ಇಡುವವರು ಕೆಳಭಾಗವನ್ನೂ ಮೇಲಿನಷ್ಟೇ ಶುದ್ಧ ಮಾಡಿರಬೇಕು, ಇಲ್ಲದಿದ್ದರೆ ಕನ್ನಡಿ ಬೇಡ. ಬಾನೆಟ್ಟಿನ ಪಕ್ಕಗಳನ್ನು ತೆಗೆದಿಡುವುದು, ನಾಲ್ಕು ಕಂಬಕ್ಕೆ ದಪ್ಪ ಹಗ್ಗ, ಕೈಬರಹದ ಫಲಕ. ಫಲಕದಲ್ಲಿ ಮಾಲೀಕರ ಹೊಗಳಿಕೆಗಿಂತ ವಿವರ ಇರಬೇಕು: ಬ್ಲಾಕ್, ಬೋರ್, ಸ್ಟ್ರೋಕ್, ಹೆಡ್, ಕಾರ್ಬುರೇಟರ್, ಕ್ಯಾಮ್, ಹಿಂದಿನ ಗೇರಿನ ಪ್ರಮಾಣ, ಬಣ್ಣ ಹೊಡೆದವರು, ಗೆರೆ ಎಳೆದವರು. 1950ರ ದಶಕದ ಶೋ ಚಿತ್ರಗಳನ್ನು ಹಿಗ್ಗಿಸಿ ನಾವು ಮೊದಲು ಓದುವುದು ಆ ಫಲಕಗಳನ್ನೇ.

1953ರಲ್ಲಿ ಡೆಟ್ರಾಯಿಟ್ ಆಟೊರಾಮ ಶುರುವಾಯಿತು, 1964ರಿಂದ ಅಲ್ಲಿ ರಿಡ್ಲರ್ ಪ್ರಶಸ್ತಿ. ಅರವತ್ತರ ದಶಕದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಗುಮ್ಮಟದ, ಟ್ರೇಲರಿನಲ್ಲೇ ಬಂದು ಟ್ರೇಲರಿನಲ್ಲೇ ಹೋಗುವ ಕಾರುಗಳು ಹೆಚ್ಚಾದವು. ಎಡ್ ರಾತ್ ಅವರ ಕಾರುಗಳ ಕಲ್ಪನೆಗೆ ಯಾರಾದರೂ ತಲೆದೂಗಬೇಕು. ಆದರೂ ನಮ್ಮ ಮನಸ್ಸು ಹೋಗುವುದು ಅದಕ್ಕೆ ಹಿಂದಿನ ಕಾಲಕ್ಕೆ, ಸಭಾಂಗಣಕ್ಕೆ ತನ್ನ ಎಂಜಿನ್ನಿನಲ್ಲೇ ಒಳಬಂದ ಕಾರುಗಳ ಕಡೆಗೆ.

ಆದ್ದರಿಂದ ಡ್ಯೂಸನ್ನು ಓಡಿಸಿಕೊಂಡೇ ಹೋಗುವುದು. ಒಳಗೆ ನಿಲ್ಲಿಸಿದ ಮೇಲೆ ಬ್ಯಾಟರಿಯ ಅರ್ತ್ ತಂತಿ ಬಿಚ್ಚಬೇಕು, ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕಡಿಮೆ ಇರಬೇಕು, ಮುಚ್ಚಳಕ್ಕೆ ಟೇಪ್. ಬಹುತೇಕ ಸಭಾಂಗಣಗಳ ಅಗ್ನಿಶಾಮಕ ನಿಯಮ ಇದು. ಫ್ಲಾಟ್‌ಹೆಡ್ಡಿನ ಹಿಂದಿನ ಮೇನ್ ಬೇರಿಂಗ್ ಬಳಿ ಎಣ್ಣೆ ತೊಟ್ಟಿಕ್ಕುವುದು ಸಹಜ, ಎಳೆಗಳ ಅಡಿಗೆ ಒಂದು ಚಪ್ಪಟೆ ತಟ್ಟೆ ಇಟ್ಟರೆ ಬಿಳುಪು ಕೆಡದು. ಕಾರು ನಿಂತ ಮೇಲೆ ಅಲ್ಲಿನ ದೀಪದ ಕೆಳಗೇ ಕೊನೆಯ ಒರೆಸುವಿಕೆ. ಅಂಗಡಿಯಲ್ಲಿ ಕಾಣದ ಸುತ್ತು ಗೀರುಗಳು ಅಲ್ಲಿ ಕಾಣುತ್ತವೆ. ಶೋ ಮುಗಿದು ಹೊರಡುವಾಗ ಫ್ಯಾನ್, ಬ್ರೇಕ್ ಡ್ರಮ್ಮಿನ ಅಂಚು, ಸ್ಟೀರಿಂಗಿನ ಕೀಲುಗಳಿಂದ ಎಳೆಗಳನ್ನೆಲ್ಲ ವ್ಯಾಕ್ಯೂಮ್ ಹಿಡಿದು ತೆಗೆದ ಮೇಲೆಯೇ ಸ್ಟಾರ್ಟ್ ಮಾಡಬೇಕು. ಕಾರ್ಬುರೇಟರಿನ ಬಾಯಿಗೆ ಹೋದ ಒಂದು ಎಳೆ ಜೆಟ್ಟಿನಲ್ಲಿ ಸಿಕ್ಕಿಕೊಂಡರೆ ದಾರಿಯಲ್ಲಿ ನಾಲ್ಕು ಸಿಲಿಂಡರ್ ಪೆಟ್ರೋಲು ಸಾಲದೆ ಬಿಸಿಯೇರುತ್ತವೆ. ಮನೆ ತಲುಪಿ, ಎಂಜಿನ್ ತಣ್ಣಗಾದ ಮೇಲೆ, ಹೆಡ್ ನಟ್ಟುಗಳನ್ನು ಇನ್ನೊಮ್ಮೆ 45ಕ್ಕೆ ನೋಡುವುದು.